ಕೂದಲೆಳೆಯ ಸವೆತ, ಬೊಗಸೆ ಪೆಟ್ರೋಲು

ಹೊತ್ತು ಮೂಡುವ ಮೊದಲೇ ಬೆಂಗಳೂರಿನ ಸುತ್ತಣ ನಮ್ಮ ಜಿಲ್ಲೆಯ ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ ತಾಲ್ಲೂಕುಗಳ ಹಳ್ಳಿ ದಾರಿಗಳಲ್ಲಿ ಮೊಪೆಡ್ಡುಗಳ ಸದ್ದು ಶುರುವಾಗುತ್ತದೆ. ಡೇರಿಗೆ ಹಾಲಿನ ಕ್ಯಾನು, ಸಂತೆಗೆ ಕೊತ್ತಂಬರಿ ಕಟ್ಟು, ಹುಳುಮನೆಗೆ ಹಿಪ್ಪುನೇರಳೆ ಸೊಪ್ಪಿನ ಹೊರೆ, ದೇವನಹಳ್ಳಿ ತಾಲ್ಲೂಕಿನ ವಿಜಯಪುರದ ಮಾರುಕಟ್ಟೆಗೆ ರೇಷ್ಮೆಗೂಡಿನ ಚೀಲ. ಕೂರಲು ಜಾಗವಿಲ್ಲದಷ್ಟು ಹೇರಿದರೂ ಮುಂದೆ ಸಾಗುವ ಈ ಗಾಡಿಗಳಲ್ಲಿ ಎಷ್ಟೋ ಇಪ್ಪತ್ತು, ಇಪ್ಪತ್ತೈದು ವರ್ಷ ದುಡಿದವು. ಅವುಗಳ ಮಾಲೀಕರಿಂದ ಗ್ಯಾರೇಜುಗಳು ದಿನವೂ ಕೇಳುವ ದೂರು ಒಂದೇ: ‘ಗಾಡಿ ಓಡ್ತದೆ, ಆದ್ರೆ ಪೆಟ್ರೋಲು ಜಾಸ್ತಿ ಕುಡೀತದೆ.’

ಬೋರು ಹೋಗಿದೆ ಎಂದು ಒಬ್ಬರು, ಕಾರ್ಬರೇಟರನ್ನೇ ಬದಲಿಸಿ ಎಂದು ಇನ್ನೊಬ್ಬರು ಹೇಳುತ್ತಾರೆ. ಕೆಲವೊಮ್ಮೆ ಎರಡೂ ನಿಜವಿರಬಹುದು. ಆದರೆ ಹಳೆಯ ಗಾಡಿಯಲ್ಲಿ ಮೊದಲು ಬಿಚ್ಚಿ ನೋಡಬೇಕಾದದ್ದು ಕಾರ್ಬರೇಟರಿನೊಳಗೆ ತೂಗುವ ಒಂದು ಸೂಜಿಯನ್ನು. ಹೆಚ್ಚುಕಡಿಮೆ ಕಡ್ಡಿಪೆಟ್ಟಿಗೆಯ ಕಡ್ಡಿಯಷ್ಟೇ ದಪ್ಪದ ಈ ಲೋಹದ ತುಂಡು, ಅದು ಇಳಿಯುವ ಹಿತ್ತಾಳೆಯ ನೀಡಲ್ ಜೆಟ್ಟು, ಇವೆರಡರ ನಡುವಿನ ಸಂದಿ ಒಂದು ಬಡ ಸಂಸಾರದ ತಿಂಗಳ ಖರ್ಚನ್ನು ಏರಿಸಬಲ್ಲದು, ಇಳಿಸಬಲ್ಲದು. ಆ ಸಂದಿಯನ್ನು ಕಣ್ಣಿನಿಂದ, ಉಗುರಿನಿಂದ ಓದಬಲ್ಲ ಮೆಕ್ಯಾನಿಕ್ಕುಗಳು ನಮ್ಮ ಸುತ್ತಮುತ್ತ ಇದ್ದಾರೆ. ಅವರ ಅರಿವನ್ನು ಎಂಜಿನಿಯರಿಂಗ್ ಎಂದೇ ಗೌರವಿಸಬೇಕು. ಅದು ಕೈತಪ್ಪುವ ಮುನ್ನ ಕನ್ನಡದಲ್ಲಿ ಬರೆದಿಡಬೇಕು.

ಗಾಳಿ ಎಳೆಯುತ್ತದೆ, ಸೂಜಿ ಅಳೆಯುತ್ತದೆ

ಕಾರ್ಬರೇಟರಿನ ಕೆಲಸ ಗಾಳಿಗೆ ಪೆಟ್ರೋಲನ್ನು ಹದವಾಗಿ ಬೆರೆಸುವುದು. ಒಂದು ಗ್ರಾಂ ಪೆಟ್ರೋಲು ಪೂರ್ತಿ ಉರಿಯಲು ಸುಮಾರು 14.7 ಗ್ರಾಂ ಗಾಳಿ ಬೇಕು. ಎಂಜಿನ್ ಉಸಿರೆಳೆದಾಗ ಗಾಳಿ ಕಾರ್ಬರೇಟರಿನ ಕಿರಿದಾದ ಗಂಟಲಿನಲ್ಲಿ ವೇಗ ಪಡೆಯುತ್ತದೆ, ಅಲ್ಲಿ ಒತ್ತಡ ಕುಸಿಯುತ್ತದೆ, ಕೆಳಗಿನ ಬಟ್ಟಲಿನ ಪೆಟ್ರೋಲು ಮೇಲೇರಿ ಗಾಳಿಗೆ ಸಿಂಪಡಣೆಯಾಗುತ್ತದೆ. ಈ ಗಂಟಲಿಗೆ ಇಟಲಿಯ ಭೌತವಿಜ್ಞಾನಿ ಜಿಯೊವಾನಿ ಬಟಿಸ್ಟಾ ವೆಂಚುರಿಯ ಹೆಸರಿದೆ. ಪೆಟ್ರೋಲನ್ನು ಸಣ್ಣ ರಂಧ್ರದಿಂದ ಚಿಮ್ಮಿಸುವ ಕಾರ್ಬರೇಟರು 1893ರ ಸುಮಾರಿಗೆ ರೂಪುಗೊಂಡಿತು. ಹಂಗರಿಯ ಡೊನಾಟ್ ಬಾಂಕಿ ಮತ್ತು ಯಾನೋಶ್ ಚೊಂಕಾ, ಜರ್ಮನಿಯ ವಿಲ್‌ಹೆಲ್ಮ್ ಮೇಬಾಕ್ ಬೇರೆ ಬೇರೆಯಾಗಿ ಆ ದಾರಿ ಕಂಡುಕೊಂಡರು.

ನಮ್ಮ ಮೊಪೆಡ್ಡು, ಬೈಕುಗಳಾದ ಯೆಜ್ಡಿ, ಆರ್‌ಎಕ್ಸ್ 100ಗಳಲ್ಲಿ ಇರುವುದು ಸ್ಲೈಡ್ ಕಾರ್ಬರೇಟರು. ಆಕ್ಸಿಲರೇಟರ್ ತಿರುಗಿಸಿದರೆ ಕೇಬಲ್ಲು ಒಂದು ಉರುಳೆಯನ್ನು ಮೇಲಕ್ಕೆಳೆಯುತ್ತದೆ. ಅದಕ್ಕೆ ತೂಗುಹಾಕಿದ ಸೂಜಿಯೂ ಜೊತೆಗೇ ಏರುತ್ತದೆ. ಸೂಜಿಯ ಮೇಲ್ಭಾಗ ನೇರ, ಕೆಳಭಾಗ ಚೂಪು. ಮೇಲೇರಿದಷ್ಟೂ ಜೆಟ್ಟಿನ ಬಾಯಲ್ಲಿ ಸೂಜಿಯ ಸಪೂರ ಭಾಗ ನಿಲ್ಲುತ್ತದೆ, ಸಂದಿ ಹಿಗ್ಗುತ್ತದೆ, ಪೆಟ್ರೋಲು ಹೆಚ್ಚು ಹರಿಯುತ್ತದೆ. ಈ ಸೀಮೆಯ ಹಳೆಯ ಕೆರೆಗಳ ತೂಬು ಕಂಡವರಿಗೆ ಇದು ಹೊಸತೇನಲ್ಲ. ನೀರುಗಂಟಿ ತೂಬಿನ ಬಿರಡೆಯನ್ನು ಎಷ್ಟು ಎತ್ತಿದರೆ ಗದ್ದೆಗೆ ಅಷ್ಟು ನೀರು. ತೂಬಿನ ಕಂಡಿಯ ಅಂಚು ಸವೆದರೆ ಬಿರಡೆ ಇಳಿಸಿದರೂ ನೀರು ಸೋರುತ್ತಲೇ ಇರುತ್ತದೆ.

ಗಾಡಿ ಐಡ್ಲಿಂಗಿನಲ್ಲಿರುವಾಗ ಪೆಟ್ರೋಲು ಕೊಡುವುದು ಪೈಲಟ್ ಜೆಟ್ಟು. ಆಕ್ಸಿಲರೇಟರ್ ಪೂರ್ತಿ ತಿರುಗಿಸಿದಾಗ ಮೇನ್ ಜೆಟ್ಟಿನ ಆಡಳಿತ. ಕಾಲು ಭಾಗದಿಂದ ಮುಕ್ಕಾಲು ಭಾಗದವರೆಗೆ ಸೂಜಿಯದೇ ಅಧಿಕಾರ. ಹೊರೆ ಹೊತ್ತ ಮೊಪೆಡ್ಡು ಊರಿಂದ ಊರಿಗೆ ಓಡುವುದು ಬಹುತೇಕ ಈ ನಡುಭಾಗದಲ್ಲೇ. ಸೂಜಿ ಸವೆದರೆ ಹೊಡೆತ ಬೀಳುವುದು ಗಾಡಿ ಹೆಚ್ಚು ಹೊತ್ತು ದುಡಿಯುವ ಜಾಗಕ್ಕೇ.

ಹೊಡೆತ ಎಷ್ಟು? ಒಂದು ಉದಾಹರಣೆಯ ಲೆಕ್ಕ ನೋಡಿ. ಜೆಟ್ಟಿನ ರಂಧ್ರ 2.60 ಮಿ.ಮೀ., ಸೂಜಿಯ ನೇರ ಭಾಗ 2.51 ಮಿ.ಮೀ. ಇದ್ದರೆ ನಡುವಿನ ಉಂಗುರದಂಥ ಸಂದಿಯ ವಿಸ್ತೀರ್ಣ ಸುಮಾರು 0.36 ಚದರ ಮಿ.ಮೀ. ಜೆಟ್ಟು ಸವೆದು 2.62 ಮಿ.ಮೀ. ಆಯಿತೆನ್ನಿ; ಸಂದಿ 0.44 ಚದರ ಮಿ.ಮೀ. ಆಗುತ್ತದೆ. ತಲೆಗೂದಲಿನ ದಪ್ಪದ ಮೂರನೇ ಒಂದು ಭಾಗದಷ್ಟೂ ಇಲ್ಲದ ಸವೆತಕ್ಕೆ ದಾರಿ ಶೇ 23ರಷ್ಟು ಅಗಲವಾಯಿತು. ಹಿಂದಿರುವ ಮೇನ್ ಜೆಟ್ಟು ಸ್ವಲ್ಪ ತಡೆಯುವುದರಿಂದ ಪೆಟ್ರೋಲು ಅಷ್ಟೇ ಪ್ರಮಾಣದಲ್ಲಿ ಏರುವುದಿಲ್ಲ. ಆದರೂ ಹದ ಕೆಡಲು ಅದು ಧಾರಾಳ ಸಾಕು. ಆರ್‌ಎಕ್ಸ್ 100ರಲ್ಲಿದ್ದ ಮಿಕುನಿ ವಿಎಂ ಮಾದರಿಯ ಕಾರ್ಬರೇಟರುಗಳಿಗೆ ನೀಡಲ್ ಜೆಟ್ಟುಗಳು 0.005 ಮಿ.ಮೀ. ಅಂತರದಲ್ಲಿ ಸಾಲಾಗಿ ಸಿಗುತ್ತವೆ. ಅಷ್ಟು ಸೂಕ್ಷ್ಮವಾಗಿ ಆಯ್ದು ಕೂಡಿಸಿದ ಜೋಡಿಯಲ್ಲಿ 0.02 ಮಿ.ಮೀ. ಸವೆತವೆಂದರೆ, ನಾಲ್ಕು ಅಳತೆ ದೊಡ್ಡದಾದ ಜೆಟ್ಟನ್ನು ಹೇಳದೆ ಕೇಳದೆ ಹಾಕಿದ ಹಾಗೆ.

ನಮ್ಮ ಮಣ್ಣಿನ ಪಾಲು

ಸೂಜಿ ಒಂದೇ ಕಡೆ ನಿಂತಿರುವುದಿಲ್ಲ. ಟೂ-ಸ್ಟ್ರೋಕ್ ಎಂಜಿನ್ ನಿಮಿಷಕ್ಕೆ ಸಾವಿರಾರು ಸಲ ಉಸಿರೆಳೆದು ನಿಲ್ಲಿಸುವಾಗ ಸೂಜಿ ಅದುರುತ್ತಾ ಜೆಟ್ಟಿನ ಒಂದು ಬದಿಗೆ ಉಜ್ಜುತ್ತದೆ. ಸ್ಲೈಡ್ ಸವೆದು ಸಡಿಲವಾಗಿದ್ದರೆ ಅದುರಾಟ ಇನ್ನೂ ಹೆಚ್ಚು. ಕಾಲಕ್ರಮದಲ್ಲಿ ಜೆಟ್ಟಿನ ದುಂಡು ಬಾಯಿ ಮೊಟ್ಟೆಯಾಕಾರಕ್ಕೆ ತಿರುಗುತ್ತದೆ, ಸೂಜಿಯ ಒಂದು ಮಗ್ಗುಲು ಕನ್ನಡಿಯಂತೆ ಹೊಳೆಯುತ್ತದೆ.

ಇದಕ್ಕೆ ನಮ್ಮ ನೆಲವೂ ತನ್ನ ಪಾಲು ಸೇರಿಸುತ್ತದೆ. ಬೆಂಗಳೂರು ಸುತ್ತಣ ಕೆಮ್ಮಣ್ಣು ಹುಟ್ಟಿದ್ದು ಪೆನಿನ್ಸುಲರ್ ನೈಸ್ ಎಂಬ ಶಿಲೆಯಿಂದ. ಸುಮಾರು 300 ಕೋಟಿ ವರ್ಷ ಹಳೆಯದಾದ ಈ ಬಂಡೆಯನ್ನು ಲಾಲ್‌ಬಾಗಿನ ಗುಡ್ಡದಲ್ಲಿ ಎಲ್ಲರೂ ಕಂಡಿದ್ದಾರೆ. ಬಂಡೆ ಶಿಥಿಲವಾಗಿ ಮಣ್ಣಾದರೂ ಅದರೊಳಗಿನ ಸ್ಫಟಿಕ ಶಿಲೆಯ ಕಣಗಳು ಕರಗದೆ ಉಳಿಯುತ್ತವೆ. ಗಡಸುತನದ ಮೋಸ್ ಮಾಪನದಲ್ಲಿ ಆ ಕಣಕ್ಕೆ 7ನೇ ಸ್ಥಾನ, ಹಿತ್ತಾಳೆಗೆ ಹೆಚ್ಚುಕಡಿಮೆ 3. ಏರ್ ಫಿಲ್ಟರಿನ ಸ್ಪಂಜನ್ನು ತೊಳೆದು ಎಣ್ಣೆ ಸವರದೆ ಬಿಟ್ಟರೆ, ಸ್ಪಂಜು ಹರಿದಿದ್ದರೆ, ಫಿಲ್ಟರ್ ಪೆಟ್ಟಿಗೆಯ ರಬ್ಬರು ಬಿರಿದಿದ್ದರೆ ಟ್ರ್ಯಾಕ್ಟರು ಎಬ್ಬಿಸಿದ ಕೆಂಧೂಳು ನೇರ ಒಳಗೆ ಹೋಗುತ್ತದೆ. ಪೆಟ್ರೋಲು, ಎಣ್ಣೆ, ಧೂಳು ಮೂರೂ ಸೇರಿದರೆ ಅದು ಗ್ರೈಂಡಿಂಗ್ ಪೇಸ್ಟೇ ಸರಿ. ಸೂಜಿಗೆ ದೀರ್ಘಾಯುಸ್ಸು ಬೇಕೆಂದರೆ ಮೊದಲ ಔಷಧ ಶುಚಿಯಾದ, ಎಣ್ಣೆ ಸವರಿದ ಫಿಲ್ಟರು.

ರೋಗ ಗುರುತಿಸುವ ಬಗೆ

ಸವೆದ ಸೂಜಿಯ ಗಾಡಿ ಬೆಳಿಗ್ಗೆ ಚೋಕಿಲ್ಲದೆಯೇ ಸ್ಟಾರ್ಟ್ ಆಗಬಹುದು. ‘ಎಂಜಿನ್ ಗಟ್ಟಿ’ ಎಂದು ಮಾಲೀಕ ಸಂತೋಷಪಡಬಹುದು. ಬಿಸಿಯಾದ ಮೇಲೆ ನಡುವೇಗದಲ್ಲಿ ಗೊಗ್ಗರು ದನಿ, ತಡವರಿಕೆ, ದಟ್ಟ ಹೊಗೆ. ಪೂರ್ತಿ ತಿರುಗಿಸಿದರೆ ಮತ್ತೆ ಸರಾಗ. ಪ್ಲಗ್ಗು ಬಿಚ್ಚಿದರೆ ಕಂದು ಬಣ್ಣ ಇರಬೇಕಾದಲ್ಲಿ ಮಸಿ. ಐಡ್ಲಿಂಗು ಸರಿ, ಫುಲ್ ಆಕ್ಸಿಲರೇಟರ್ ಸರಿ, ನಡುವೆ ಮಾತ್ರ ತೊಂದರೆ ಎಂದರೆ ಬೆರಳು ಸೂಜಿಯತ್ತ ತೋರಿಸುತ್ತದೆ.

ಎತ್ತರವೂ ಇಲ್ಲಿ ಲೆಕ್ಕಕ್ಕೆ ಬರುತ್ತದೆ. ನಮ್ಮ ಜಿಲ್ಲೆ ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಬಯಲು. ಇಲ್ಲಿನ ಗಾಳಿ ಕರಾವಳಿಯ ಗಾಳಿಗಿಂತ ಶೇ 8–9ರಷ್ಟು ತೆಳು. ಮಂಗಳೂರಿನಲ್ಲಿ ಹದವಾಗಿದ್ದ ಕಾರ್ಬರೇಟರು ದೊಡ್ಡಬಳ್ಳಾಪುರಕ್ಕೆ ಬಂದರೆ ತುಸು ಹೆಚ್ಚೇ ಪೆಟ್ರೋಲು ಬೆರೆಸುತ್ತದೆ. ಹಾಗಾಗಿ ಸೂಜಿಯ ಸವೆತ ಇಲ್ಲಿ ಬೇಗ ಎದ್ದು ಕಾಣುತ್ತದೆ. ಪಕ್ಕದ ನಂದಿಬೆಟ್ಟ 1,478 ಮೀಟರ್. ಹಳೆಯ ಬೈಕೊಂದು ಬೆಟ್ಟದ ತಿರುವುಗಳಲ್ಲಿ ಮುಕ್ಕರಿಸಿ ಮಸಿ ಉಗುಳಿದರೆ, ಎಂಜಿನ್ನನ್ನು ದೂರುವ ಮೊದಲು ಸೂಜಿಯನ್ನು ವಿಚಾರಿಸಬೇಕು.

ಅನುಭವಿ ಮೆಕ್ಯಾನಿಕ್ಕಿನ ಪರೀಕ್ಷೆಗೆ ದುಬಾರಿ ಯಂತ್ರ ಬೇಡ. ಸೂಜಿಯನ್ನು ಗಾಜಿನ ಮೇಲೆ ಉರುಳಿಸುತ್ತಾರೆ. ಬಾಗಿದ್ದರೆ ತುದಿ ಕುಣಿಯುತ್ತದೆ. ಮೇಲಿನಿಂದ ಕೆಳಕ್ಕೆ ಉಗುರು ಆಡಿಸುತ್ತಾರೆ. ಮೆಟ್ಟಿಲಿದ್ದರೆ ಉಗುರು ತಡೆಯುತ್ತದೆ. ಜೆಟ್ಟನ್ನು ಬೆಳಕಿಗೆ ಹಿಡಿದು ಭೂತಗನ್ನಡಿಯಲ್ಲಿ ಬಾಯಿಯ ದುಂಡು ನೋಡುತ್ತಾರೆ. ಹೊಸ ಸೂಜಿಯೊಂದನ್ನು ಹಳೆಯ ಜೆಟ್ಟಿನಲ್ಲಿ ಇಳಿಸಿ ಅಲುಗಾಡಿಸಿದಾಗ ಸಿಗುವ ಆಟ, ಸವೆದದ್ದು ಯಾವುದು ಎಂಬುದನ್ನು ಹೇಳಿಬಿಡುತ್ತದೆ. ಹೆಚ್ಚಿನ ಸಂದರ್ಭದಲ್ಲಿ ಸೂಜಿಗಿಂತ ಮೃದುವಾದ ಹಿತ್ತಾಳೆಯ ಜೆಟ್ಟೇ ಹೆಚ್ಚು ಸವೆದಿರುತ್ತದೆ.

ಕ್ಲಿಪ್ಪಿನ ಆಸೆ, ಜಾಮಿನ ಭಯ

ಸೂಜಿಯ ತಲೆಯಲ್ಲಿ ಸಾಮಾನ್ಯವಾಗಿ ಐದು ಗೀರುಗಳು, ಒಂದರಲ್ಲಿ ಪುಟ್ಟ ಕ್ಲಿಪ್ಪು. ಕ್ಲಿಪ್ಪನ್ನು ಒಂದು ಗೀರು ಮೇಲಕ್ಕೆ ಹಾಕಿದರೆ ಸೂಜಿ ಕೆಳಗಿಳಿದು ಪೆಟ್ರೋಲು ಕಡಿಮೆಯಾಗುತ್ತದೆ. ಕಾಸಿಲ್ಲದ, ಐದೇ ನಿಮಿಷದ ರಿಪೇರಿ. ಮೈಲೇಜು ಏರಿದಂತೆ ಕಾಣುವುದರಿಂದ ಮಾಲೀಕನಿಗೂ ಇಷ್ಟ.

ಸವೆತ ಅಲ್ಪವಿದ್ದಾಗ ಇದು ತಕ್ಕ ಉಪಾಯವೇ. ಹೆಚ್ಚಿದ್ದಾಗ ಮೋಸ ಮಾಡುತ್ತದೆ. ಕಾಲು ಆಕ್ಸಿಲರೇಟರಿನಲ್ಲಿ ಜೆಟ್ಟಿನ ಬಾಯಲ್ಲಿ ನಿಲ್ಲುವುದು ಸೂಜಿಯ ನೇರ ಭಾಗ. ಅದನ್ನು ಎಷ್ಟು ಇಳಿಸಿದರೂ ಸಂದಿ ಅಷ್ಟೇ, ಮಸಿ ನಿಲ್ಲುವುದಿಲ್ಲ. ಇತ್ತ ಮುಕ್ಕಾಲು ಭಾಗದಲ್ಲಿ ಪೆಟ್ರೋಲು ಬೇಕಾದ್ದಕ್ಕಿಂತ ಕಡಿಮೆಯಾಗುತ್ತದೆ. ಪೆಟ್ರೋಲಿಗೆ ಲೀಟರಿಗೆ 20 ಮಿಲಿಯಂತೆ ಟೂ-ಟಿ ಆಯಿಲ್ ಬೆರೆಸಿ ಓಡಿಸುವ ಮೊಪೆಡ್ಡಿನಲ್ಲಿ ಪೆಟ್ರೋಲು ಕಡಿಮೆಯಾದರೆ ಎಣ್ಣೆಯೂ ಕಡಿಮೆ. ಪಿಸ್ಟನ್ನು ಕಾದು ಸಿಲಿಂಡರಿಗೆ ಕಚ್ಚಿಕೊಳ್ಳುತ್ತದೆ. ಹೊರೆ ಹೊತ್ತು ಏರು ಹತ್ತುವಾಗ ಗಾಡಿ ‘ಜಾಮ್ ಹೊಡೆಯುವುದು’ ಹೀಗೂ ಉಂಟು. ಕ್ಲಿಪ್ಪಿನಲ್ಲಿ ಉಳಿಸಿದ್ದು ಬೋರಿಂಗಿನಲ್ಲಿ ಹೋಗುತ್ತದೆ.

ಸರಿಯಾದ ದಾರಿ ಸೂಜಿ, ನೀಡಲ್ ಜೆಟ್ಟು ಎರಡನ್ನೂ ಜೋಡಿಯಾಗಿಯೇ ಬದಲಿಸುವುದು. ಸವೆದ ಜೆಟ್ಟಿಗೆ ಹೊಸ ಸೂಜಿ ಹಾಕಿದರೆ ರೋಗ ಅರ್ಧವೇ ವಾಸಿ. ಹೊಸ ಜೆಟ್ಟಿಗೆ ಹಳೆಯ ಸೂಜಿ ಹಾಕಿದರೆ ಹೊಸದನ್ನೂ ಕೆಡಿಸಿದಂತೆ. ಸೂಜಿಯ ಮೇಲೆ ಕೆತ್ತಿದ ಸಂಖ್ಯೆ ಓದಿ ಅದೇ ಸಂಖ್ಯೆಯದನ್ನು ಕೇಳಬೇಕು. ಉದ್ದ ಒಂದೇ ಇದ್ದು ಚೂಪಿನ ಇಳಿಜಾರು ಬೇರೆಯಾದ ಸೂಜಿ ಹೊರನೋಟಕ್ಕೆ ತಿಳಿಯುವುದೇ ಇಲ್ಲ. ಜೆಟ್ಟನ್ನು ಉಕ್ಕಿನ ತಂತಿಯಿಂದ ಚುಚ್ಚಿ ಶುಚಿ ಮಾಡುವ ಅಭ್ಯಾಸವನ್ನಂತೂ ಬಿಡಲೇಬೇಕು. ಪ್ರತಿ ಸಲ ಚುಚ್ಚಿದಾಗಲೂ ರಂಧ್ರ ಗೀಚಿಕೊಂಡು ದೊಡ್ಡದಾಗುತ್ತದೆ. ಕಾರ್ಬರೇಟರ್ ಕ್ಲೀನರು, ಗಾಳಿಯ ಒತ್ತಡ, ತೀರಾ ಕಟ್ಟಿದ್ದರೆ ನೈಲಾನ್ ಎಳೆ ಸಾಕು.

ಬಿಡಿಭಾಗವೇ ಸಿಗದ ಗಾಡಿಗಳ ಕಥೆ ಬೇರೆ. ಜಾವಾ, ಯೆಜ್ಡಿ ತಯಾರಿಸುತ್ತಿದ್ದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಜಯಚಾಮರಾಜ ಒಡೆಯರಿಂದ ಉದ್ಘಾಟನೆಗೊಂಡು, 1996ರಲ್ಲಿ ಮುಚ್ಚಿತು. ಅದೇ 1996ರಲ್ಲಿ ಆರ್‌ಎಕ್ಸ್ 100ರ ತಯಾರಿಕೆಯೂ ನಿಂತಿತು. ಎರಡೂ ಕಡೆಯ ಗಾಡಿಗಳು ಇಂದಿಗೂ ನಮ್ಮ ಹೆದ್ದಾರಿಗಳಲ್ಲಿ ಓಡುತ್ತಿವೆ. ಜಾವಾದೊಂದಿಗೆ ಬಂದ ಜಿಕಾವ್ ಕಾರ್ಬರೇಟರು ಜೆಕ್ ದೇಶದ ವಿನ್ಯಾಸ. ಅದರ ಜೆಟ್ಟು ಸವೆದರೆ ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಗಳಲ್ಲಿ ಹುಡುಕಬೇಕು, ಸಿಗದಿದ್ದರೆ ಲೇತಿನ ಮೊರೆ ಹೋಗಬೇಕು. 1953ರಲ್ಲಿ ಎಚ್‌ಎಂಟಿ ಬಂದಂದಿನಿಂದ ಲೋಹ ಕಡೆಯುವ ವಿದ್ಯೆ ಜಾಲಹಳ್ಳಿ, ಪೀಣ್ಯದ ಸುತ್ತ ಹರಡಿಕೊಂಡಿದೆ. ಹಿತ್ತಾಳೆಯ ಸರಳಿನಿಂದ ಜೆಟ್ಟು ಕಡೆದು, ರಂಧ್ರವನ್ನು ಒಂದು ಅಳತೆ ಕಿರಿದಾಗಿ ಕೊರೆದು, ರೀಮರಿನಿಂದ ಕೊನೆಯ ಅಳತೆಗೆ ತರುವುದು ನುರಿತ ಕೆಲಸಗಾರನಿಗೆ ಸಾಧ್ಯ. ಡ್ರಿಲ್ಲಿನಲ್ಲೇ ಮುಗಿಸಿದರೆ ರಂಧ್ರ ಒರಟಾಗಿ ಅಳತೆ ತಪ್ಪುತ್ತದೆ. ಚೂಪು ಸೂಜಿಯನ್ನು ಕಡೆಯುವುದು ಇದಕ್ಕಿಂತ ಕಷ್ಟ. ಆದ್ದರಿಂದ ಸಿಗುವ ಬೇರೆ ಸೂಜಿಯೊಂದನ್ನು ಆರಿಸಿಕೊಂಡು ಅದಕ್ಕೆ ತಕ್ಕ ಜೆಟ್ಟು ಮಾಡಿಸುವುದು ಜಾಣತನ.

ಬಟ್ಟಲಿನ ಸೂಜಿ

ಕಾರ್ಬರೇಟರಿನಲ್ಲಿ ಇನ್ನೊಂದು ಸೂಜಿಯಿದೆ, ಫ್ಲೋಟಿನ ಮೇಲೆ ಕೂರುವಂಥದ್ದು. ಬಟ್ಟಲು ತುಂಬಿದಾಗ ಫ್ಲೋಟು ತೇಲಿ ಈ ಸೂಜಿಯನ್ನು ಮೇಲೊತ್ತುತ್ತದೆ, ಟ್ಯಾಂಕಿನ ದಾರಿ ಮುಚ್ಚುತ್ತದೆ. ಇದರ ಶಂಕುವಿನ ಸುತ್ತ ಉಂಗುರದಂತೆ ಗೆರೆ ಬಿದ್ದರೆ ದಾರಿ ಪೂರ್ತಿ ಮುಚ್ಚದು. ನಿಲ್ಲಿಸಿದ ಗಾಡಿಯ ಕೆಳಗೆ ಪೆಟ್ರೋಲಿನ ಕಲೆ, ಒದ್ದಷ್ಟೂ ಮುಳುಗುವ ಎಂಜಿನ್ನು, ಇದು ‘ಓವರ್‌ಫ್ಲೋ’.

ಪರೀಕ್ಷೆ ಸುಲಭ. ಪೆಟ್ರೋಲು ಬರುವ ನಳಿಕೆಗೆ ಶುಚಿಯಾದ ಟ್ಯೂಬು ಸಿಕ್ಕಿಸಿ, ಫ್ಲೋಟನ್ನು ಮೆಲ್ಲಗೆ ಮೇಲೆತ್ತಿ ಹಿಡಿದು ಊದಿ. ಗಾಳಿ ಹೋಗಕೂಡದು. ರಬ್ಬರ್ ತುದಿಯ ಸೂಜಿಯಾದರೆ ಬದಲಿಸುವುದೊಂದೇ ದಾರಿ. ಅಚ್ಚ ಲೋಹದ್ದಾದರೆ ಹಿತ್ತಾಳೆ ಪಾಲಿಶನ್ನು ತುಸು ಸವರಿ ಬೆರಳಲ್ಲೇ ಹಗುರವಾಗಿ ತಿರುಗಿಸಿ ಕೂಡಿಸಬಹುದು. ವಾಲ್ವ್ ಉಜ್ಜುವ ಒರಟು ಪೇಸ್ಟು ಬೇಡ. ಅದರ ಹರಳುಗಳು ಹಿತ್ತಾಳೆಯಲ್ಲಿ ಹೂತು ಮುಂದೆಯೂ ಕೊರೆಯುತ್ತಲೇ ಇರುತ್ತವೆ.

ಸೂಜಿ ಸರಿಯಿದ್ದೂ ತುಂಬಿ ಹರಿದರೆ ಫ್ಲೋಟು ನೋಡಿ. ಹಿತ್ತಾಳೆಯ ಫ್ಲೋಟು ತೂತಾಗಿ ಒಳಗೆ ಪೆಟ್ರೋಲು ಸೇರಿದರೆ ಅದು ತೇಲದು. ಬಿಸಿನೀರಲ್ಲಿ ಮುಳುಗಿಸಿದರೆ ಗುಳ್ಳೆ ಎದ್ದ ಜಾಗವೇ ತೂತು. ಬೆಸುಗೆ ಹಾಕುವ ಮೊದಲು ಒಳಗಿನ ಪೆಟ್ರೋಲು, ಅದರ ಆವಿ ಎರಡೂ ಪೂರ್ತಿ ಹೋಗಿರಬೇಕು, ಇಲ್ಲದಿದ್ದರೆ ಸಿಡಿಯುವ ಅಪಾಯವಿದೆ. ಬೆಸುಗೆ ಎಷ್ಟು ಕಡಿಮೆಯೋ ಅಷ್ಟು ಒಳ್ಳೆಯದು. ಭಾರ ಹೆಚ್ಚಿದ ಫ್ಲೋಟು ತಡವಾಗಿ ತೇಲಿ ಬಟ್ಟಲಿನ ಮಟ್ಟವನ್ನು ಏರಿಸುತ್ತದೆ, ಹೊಸ ಸೂಜಿ ಹಾಕಿಯೂ ಮಸಿ ತಪ್ಪುವುದಿಲ್ಲ.

ಕಡಲಿನವರ ಪಾಠ

ಇದೇ ಸಮಸ್ಯೆಯನ್ನು ನಮ್ಮ ಕರಾವಳಿಯ ನಾಡದೋಣಿ ಮೀನುಗಾರರೂ ಬಲ್ಲರು. ಅವರ ದೋಣಿಗಳ ಹಿಂಬದಿಗೆ ಕಟ್ಟಿದ ಔಟ್‌ಬೋರ್ಡ್ ಎಂಜಿನ್ನುಗಳಲ್ಲಿ ಅನೇಕವು ಪೆಟ್ರೋಲಿನಲ್ಲಿ ಸ್ಟಾರ್ಟ್ ಆಗಿ ಸೀಮೆಎಣ್ಣೆಯಲ್ಲಿ ಓಡುವಂಥವು. ಅಲ್ಲಿ ಧೂಳಿನ ಬದಲು ಉಪ್ಪಿನ ಕಾಟ. ಔಟ್‌ಬೋರ್ಡಿನ ಹಳೆಯ ಮಾದರಿಗಳಲ್ಲಿ ಹದ ತಿರುಗಿಸುವ ತಿರುಪೇ ಸೂಜಿ. ಅದನ್ನು ಬಿಗಿಯಾಗಿ ತಿರುಗಿಸಿದರೆ ತುದಿಯಲ್ಲಿ ಗೆರೆ ಬೀಳುತ್ತದೆ, ಎಷ್ಟು ತಿರುಗಿಸಿದರೂ ಹದ ನಿಲ್ಲುವುದಿಲ್ಲ. ಗೆರೆ ತೆಳುವಾಗಿದ್ದರೆ ಸೂಜಿಯನ್ನು ಲೇತಿಗೆ ಕಚ್ಚಿಸಿ ನುಣುಪು ಎಮರಿ ಹಾಳೆಯಿಂದ ಮೂಲ ಕೋನ ಕೆಡದಂತೆ ಉಜ್ಜಿ ಉಳಿಸಬಹುದು. ಆಳವಾಗಿದ್ದರೆ ಹೊಸದೇ ಬೇಕು. ಮೊಪೆಡ್ಡಿನಲ್ಲಿ ಐಡ್ಲಿಂಗಿನ ಹದ ಹೊಂದಿಸುವ ಏರ್ ಸ್ಕ್ರೂಗೂ ಇದೇ ನಿಯಮ: ತಳ ತಾಗಿದ್ದು ಬೆರಳಿಗೆ ತಿಳಿಯುತ್ತಲೇ ನಿಲ್ಲಿಸಬೇಕು. ದಡದಿಂದ ದೂರದಲ್ಲಿ ಎಂಜಿನ್ ಕೈಕೊಟ್ಟರೆ ಪ್ರಾಣಕ್ಕೇ ಸಂಚಕಾರ. ಹಾಗಾಗಿ ಕೆಡುವ ಮೊದಲೇ ಬಿಚ್ಚಿ ನೋಡುವ ಶಿಸ್ತು ಕಡಲಿನವರಿಗೆ ಅನಿವಾರ್ಯ. ಬಯಲುಸೀಮೆಯ ನಾವು ಕಲಿಯಬೇಕಾದದ್ದು ಆ ಶಿಸ್ತನ್ನು.

ಹೊಸ ಪೆಟ್ರೋಲು, ಹಳೆಯ ಜೆಟ್ಟು

2023ರ ಫೆಬ್ರುವರಿ 6ರಂದು ಇಂಡಿಯಾ ಎನರ್ಜಿ ವೀಕ್ ಸಮಾರಂಭದಲ್ಲಿ ಶೇ 20 ಎಥನಾಲ್ ಬೆರೆತ ಪೆಟ್ರೋಲಿಗೆ ಚಾಲನೆ ಸಿಕ್ಕಿತು. ಅದು ನಡೆದದ್ದು ನೆಲಮಂಗಲಕ್ಕೆ ಹೋಗುವ ತುಮಕೂರು ರಸ್ತೆಯ ಮಾದಾವರದಲ್ಲೇ, ನಮ್ಮ ಬಾಗಿಲಲ್ಲೇ. ಎಥನಾಲ್ ಉರಿಯಲು ಪೆಟ್ರೋಲಿಗಿಂತ ಕಡಿಮೆ ಗಾಳಿ ಸಾಕು, ಒಂದಕ್ಕೆ ಸುಮಾರು ಒಂಬತ್ತು. ಹಾಗಾಗಿ ಬೆರಕೆ ಪೆಟ್ರೋಲಿಗೆ ಬೇಕಾದ ಅನುಪಾತ 14.7ರಿಂದ ಸುಮಾರು 13.5ಕ್ಕೆ ಇಳಿಯುತ್ತದೆ. ಹಳೆಯ ಅಳತೆಯ ಜೆಟ್ಟು ಈ ಇಂಧನಕ್ಕೆ ತುಸು ಕಿರಿದು.

ಇಲ್ಲಿ ಮೆಕ್ಯಾನಿಕ್ಕುಗಳು ಎಚ್ಚರ ವಹಿಸಬೇಕಾದ ಸೂಕ್ಷ್ಮವೊಂದಿದೆ. ಸವೆದ ಜೋಡಿ ಪೆಟ್ರೋಲನ್ನು ಹೆಚ್ಚಿಸುತ್ತದೆ, ಎಥನಾಲ್ ಮಿಶ್ರಣವನ್ನು ತೆಳುವಾಗಿಸುತ್ತದೆ. ಒಂದು ಕೊರತೆ ಇನ್ನೊಂದನ್ನು ಮುಚ್ಚಿಟ್ಟು ನಡುವೇಗದಲ್ಲಿ ಗಾಡಿ ಸರಿಯಿರುವಂತೆಯೇ ಕಾಣಬಹುದು. ಹೊಸ ಸೂಜಿ, ಹೊಸ ಜೆಟ್ಟು ಹಾಕಿದ ಮೇಲೆ ನಿಜಸ್ಥಿತಿ ಹೊರಬೀಳುತ್ತದೆ. ಆಗ ಪ್ಲಗ್ಗಿನ ಬಣ್ಣ ನೋಡಬೇಕು. ತೀರಾ ಬೆಳ್ಳಗಿದ್ದರೆ ಕ್ಲಿಪ್ಪನ್ನು ಒಂದು ಗೀರು ಕೆಳಗಿಳಿಸಿ, ಅಗತ್ಯವಿದ್ದರೆ ಮೇನ್ ಜೆಟ್ಟನ್ನು ಒಂದು ಅಳತೆ ಏರಿಸಬೇಕು. ಎಥನಾಲ್ ನೀರನ್ನು ಹೀರುತ್ತದೆ, ಹಳೆಯ ರಬ್ಬರನ್ನು ಉಬ್ಬಿಸುತ್ತದೆ. ತಿಂಗಳುಗಟ್ಟಲೆ ನಿಲ್ಲುವ ಗಾಡಿಯ ಬಟ್ಟಲಿನಿಂದ ಪೆಟ್ರೋಲು ಖಾಲಿ ಮಾಡುವುದು ಈಗ ಕಡ್ಡಾಯವೆಂದೇ ತಿಳಿಯಬೇಕು.

ಬರೆದಿಡಬೇಕಾದ ವಿದ್ಯೆ

ಪಕ್ಕದ ಹೊಸೂರಿನಲ್ಲಿ 1980ರಲ್ಲಿ ಟಿವಿಎಸ್ 50 ಹುಟ್ಟಿತು. ಅದರ ವಂಶದ ಎಕ್ಸ್‌ಎಲ್ 100 ಮೊಪೆಡ್ಡು 2015ರಲ್ಲಿ ಫೋರ್-ಸ್ಟ್ರೋಕ್ ಆಗಿ ಬಂತು. 2020ರ ಏಪ್ರಿಲ್ 1ರಂದು ಹೊಗೆ ನಿಯಂತ್ರಣದ ಭಾರತ್ ಸ್ಟೇಜ್-6 ನಿಯಮ ಜಾರಿಯಾದಾಗ ಅದಕ್ಕೂ ಫ್ಯೂಯೆಲ್ ಇಂಜೆಕ್ಷನ್ ಬಂತು. ಹೊಸ ಗಾಡಿಗಳಲ್ಲಿ ಸೆನ್ಸರು ಅಳೆಯುತ್ತದೆ, ಕಂಪ್ಯೂಟರು ಲೆಕ್ಕ ಹಾಕುತ್ತದೆ. ಹೊಗೆ ಕಡಿಮೆಯಾಯಿತು, ಅದು ಒಳ್ಳೆಯದೇ. ಆದರೆ ಕಾರ್ಬರೇಟರಿನ ಕಾಲ ಮುಗಿಯಿತೆಂದು ಗ್ಯಾರೇಜಿನ ಹುಡುಗರಿಗೆ ಆ ಪಾಠವನ್ನೇ ಕೈಬಿಟ್ಟರೆ ನಷ್ಟ ರೈತನಿಗೆ.

ಏಕೆಂದರೆ ಕಾರ್ಬರೇಟರು ರಸ್ತೆ ಬಿಟ್ಟು ಹೊಲಕ್ಕೆ ಹೋಗಿದೆ. ದ್ರಾಕ್ಷಿ ಚಪ್ಪರಕ್ಕೆ ಔಷಧಿ ಹೊಡೆಯುವ ಪವರ್ ಸ್ಪ್ರೇಯರು, ಕಳೆ ಕೊಚ್ಚುವ ಬ್ರಷ್ ಕಟರು, ಪುಟ್ಟ ವೀಡರು, ಪೆಟ್ರೋಲ್ ಪಂಪು, ಪವರ್ ಕಟ್ಟಿನ ಹೊತ್ತಿಗೆ ಜನರೇಟರು, ಇವುಗಳಲ್ಲಿ ಇಂದಿಗೂ ಬಹುತೇಕ ಇರುವುದು ಕಾರ್ಬರೇಟರೇ. ಹಂಗಾಮು ಮುಗಿದಾಗ ಪೆಟ್ರೋಲು ಸಮೇತ ಮೂಲೆಗೆ ಸೇರಿ, ಮುಂದಿನ ಹಂಗಾಮಿಗೆ ಸ್ಟಾರ್ಟ್ ಆಗದೆ ಸತಾಯಿಸುವ ಯಂತ್ರಗಳಿವು. ಸಹಾಯಧನದಲ್ಲಿ ಯಂತ್ರ ಕೊಡುವ ವ್ಯವಸ್ಥೆ ಅದನ್ನು ಉಳಿಸಿಕೊಳ್ಳುವ ವಿದ್ಯೆಯನ್ನೂ ಕೊಡಬೇಕು.

ಮಾಡಬೇಕಾದ ಕೆಲಸ ದೊಡ್ಡದೇನಲ್ಲ. ಯಾವ ಗಾಡಿಗೆ, ಯಾವ ಯಂತ್ರಕ್ಕೆ ಯಾವ ಸಂಖ್ಯೆಯ ಸೂಜಿ, ಯಾವ ಜೆಟ್ಟು, ಕ್ಲಿಪ್ಪು ಎಷ್ಟನೇ ಗೀರಿನಲ್ಲಿ, ಫ್ಲೋಟಿನ ಮಟ್ಟ ಎಷ್ಟು ಎಂಬ ಪಟ್ಟಿ ಕನ್ನಡದಲ್ಲಿ ಬೇಕು. ಸವೆತದ ಚಿತ್ರಗಳು, ಪ್ಲಗ್ಗಿನ ಬಣ್ಣಗಳು ಪಕ್ಕದಲ್ಲಿರಲಿ. ಸೇವಾ ಕೈಪಿಡಿಗಳು ಇಂಗ್ಲಿಷಿನಲ್ಲಿವೆ. ಕೆಲಸ ಮಾಡುವ ಕೈಗಳು ಯೋಚಿಸುವುದು ಕನ್ನಡದಲ್ಲಿ, ಉರ್ದುವಿನಲ್ಲಿ, ತೆಲುಗಿನಲ್ಲಿ, ತಮಿಳಿನಲ್ಲಿ. ಜಿಲ್ಲೆಯ ಐಟಿಐಗಳು, ಪಾಲಿಟೆಕ್ನಿಕ್ಕುಗಳು ವರ್ಷಕ್ಕೊಮ್ಮೆಯಾದರೂ ಹಿರಿಯ ಮೆಕ್ಯಾನಿಕ್ಕುಗಳನ್ನು ಗೌರವಧನ ಕೊಟ್ಟು ಕರೆಸಿ, ವಿದ್ಯಾರ್ಥಿಗಳ ಮುಂದೆ ಕಾರ್ಬರೇಟರು ಬಿಚ್ಚಿಸಿ, ಅವರು ಹೇಳಿದ್ದನ್ನು ಬರೆಸಿಕೊಳ್ಳಬಹುದು. ಅದಕ್ಕೆ ಒಂದು ಮೇಜು, ಒಂದು ಭೂತಗನ್ನಡಿ, ಕೆಲವು ಸವೆದ ಸೂಜಿಗಳು ಸಾಕು.

ಸವೆತ ಎಲ್ಲ ಯಂತ್ರಕ್ಕೂ ಬರುತ್ತದೆ. ಸವೆದದ್ದು ಯಾವುದು, ಎಷ್ಟು, ಏಕೆ ಎಂದು ಬಲ್ಲ ಮನುಷ್ಯ ಊರಲ್ಲಿದ್ದರೆ ಯಂತ್ರ ಗುಜರಿಗೆ ಹೋಗುವುದಿಲ್ಲ, ರೈತನ ಕಾಸು ಹೊಗೆಯಾಗುವುದಿಲ್ಲ. ಅಂಥವರನ್ನು ತಯಾರು ಮಾಡುವುದೂ, ಈಗಾಗಲೇ ಇರುವವರಿಗೆ ತಕ್ಕ ಕೂಲಿ, ತಕ್ಕ ಮರ್ಯಾದೆ ಸಲ್ಲಿಸುವುದೂ ನಮ್ಮ ಹೊಣೆ.